ರಸ್ತೆ ಕಾಯುವವರಿಗೆ ದುಡ್ಡು ಎಲ್ಲಿಂದ ಬರಬೇಕು?

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರಸ್ತೆ ಅಪಘಾತದ ಮಾತು ಎತ್ತಿದರೆ ಸಾಕು, ಯಾವ ಸಭೆಯಲ್ಲಾದರೂ ಎರಡು ದನಿ ಏಳುತ್ತವೆ. "ಜನಕ್ಕೆ ಶಿಸ್ತೇ ಇಲ್ಲ" ಅನ್ನುವವರು ಒಂದು ಕಡೆ, "ಪೊಲೀಸರಿಗೆ ದಂಡ ಕಿತ್ತುಕೊಳ್ಳುವುದೇ ಕಸುಬು" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಸುಸ್ತಾಗುವವರೆಗೆ ಮಾತಾಡಿ ಮನೆಗೆ ಹೋಗುತ್ತಾರೆ. ಇವತ್ತು ಆ ಜಗಳ ಪಕ್ಕಕ್ಕಿಟ್ಟು ಬರೀ ದುಡ್ಡಿನ ವಿಷಯ ಮಾತಾಡೋಣ ಅಂದುಕೊಂಡಿದ್ದೇನೆ. ಸಂಚಾರ ನಿಯಮ ಜಾರಿ ಮಾಡಲು ಪೊಲೀಸರಿಗೆ ಹಣ ಕೊಡುವವರು ಯಾರು? ಏನನ್ನು ಎಣಿಸಿ ಕೊಡುತ್ತಾರೆ? ಎಣಿಕೆಯೇ ತಪ್ಪಾಗಿದ್ದರೆ ರಸ್ತೆಯಲ್ಲಿ ಏನಾಗುತ್ತದೆ? ಒಣ ವಿಷಯದ ಹಾಗೆ ಕಾಣುತ್ತದೆ, ಸ್ವಲ್ಪ ತಾಳಿಕೊಳ್ಳಿ.

ಮೊದಲು ಅಂಕಿ ಅಂಶ, ಬೇಗ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಕೊನೆಯಲ್ಲಿ ಹೊರತಂದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ. ದಿನಕ್ಕೆ ಮೂರು ಸಾವಿರಕ್ಕೂ ಮಿಕ್ಕಿ. 5ರಿಂದ 29 ವರ್ಷದೊಳಗಿನವರ ಸಾವಿಗೆ ಇರುವ ಕಾರಣಗಳಲ್ಲಿ ಇದೇ ಮೊದಲನೆಯದು. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಡೆದು ಹೋಗುತ್ತಿದ್ದವರು, ಸೈಕಲ್ ತುಳಿಯುತ್ತಿದ್ದವರು, ಬೈಕ್ ಮೇಲಿದ್ದವರು. ನೂರರಲ್ಲಿ 92 ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಆ ದೇಶಗಳಲ್ಲಿರುವುದು ಜಗತ್ತಿನ ವಾಹನಗಳಲ್ಲಿ ಶೇ. 60ರಷ್ಟು ಮಾತ್ರ. ಬಹುತೇಕ ದೇಶಗಳಲ್ಲಿ ಈ ಅಪಘಾತಗಳಿಂದಾಗುವ ನಷ್ಟ ಒಟ್ಟು ದೇಶೀಯ ಉತ್ಪನ್ನದ ಶೇ. 3ರಷ್ಟಾಗುತ್ತದೆ. ಈ ಕೊನೆಯ ಅಂಕಿ ಮಾತ್ರ ಸ್ವಲ್ಪ ನೆನಪಿಟ್ಟುಕೊಳ್ಳಿ, ಅದರ ಕೆಲಸ ಮುಂದೆ ಇದೆ.

ಇನ್ನೊಂದು ಅಂಕಿಯೂ ಬೇಕು. ಒಂದು ರಸ್ತೆಯಲ್ಲಿ ಓಡುವ ಎಲ್ಲ ವಾಹನಗಳ ಸರಾಸರಿ ವೇಗ ಶೇ. 1ರಷ್ಟು ಏರಿದರೆ, ಜೀವ ಹೋಗುವಂಥ ಅಪಘಾತದ ಸಂಭವ ಶೇ. 4ರಷ್ಟು ಏರುತ್ತದೆ. ಇದು ಹಲವು ದೇಶಗಳ ಅನುಭವದಿಂದ ನಿಂತಿರುವ ಲೆಕ್ಕ. ಹುಚ್ಚೆದ್ದು ಓಡಿಸುವ ನಾಲ್ಕು ಜನರನ್ನು ಹಿಡಿದು ಟಿವಿಯಲ್ಲಿ ತೋರಿಸಿದರೆ ಸರಾಸರಿ ಕದಲುವುದಿಲ್ಲ. ಮಿತಿಗಿಂತ ಐದೋ ಎಂಟೋ ಕಿಲೋಮೀಟರ್ ಹೆಚ್ಚಿಗೆ ಓಡಿಸುವ, ತನ್ನನ್ನು ತಾನು ಸಂಭಾವಿತ ಅಂದುಕೊಂಡಿರುವ, ನಿಮ್ಮಂಥ ನನ್ನಂಥ ಸಾವಿರಾರು ಜನ ಆಕ್ಸಲರೇಟರ್ ಮೇಲಿನ ಕಾಲನ್ನು ಒಂದಿಷ್ಟು ಸಡಿಲಿಸಿದರೆ ಕದಲುತ್ತದೆ. ಹಾಗಾದರೆ ಪೊಲೀಸರು ಮುಟ್ಟಬೇಕಾಗಿರುವುದು ಎಲ್ಲರನ್ನೂ. ಅದೆಷ್ಟು ಕಷ್ಟ ಅಂತ ನೋಡೋಣ.

ಒಬ್ಬ ಪೇದೆ ರಸ್ತೆ ಬದಿ ನಿಂತಿದ್ದಾನೆ ಅನ್ನಿ. ಒಂದು ಕಾರಿಗೆ ಕೈ ತೋರಿಸುತ್ತಾನೆ. ಅದು ಬದಿಗೆ ಬಂದು ನಿಲ್ಲಬೇಕು, ಗಾಜು ಇಳಿಯಬೇಕು, ಲೈಸೆನ್ಸ್ ಹುಡುಕಬೇಕು. "ನಾನೆಲ್ಲಿ ಜೋರಾಗಿ ಬಂದೆ ಸಾರ್" ಎಂಬ ವಾದ ಮುಗಿಯಬೇಕು, ಬರೆಯಬೇಕು, ಸಹಿ ಆಗಬೇಕು. ಹತ್ತು ನಿಮಿಷ ಹಿಡಿಯಿತು ಅಂದುಕೊಳ್ಳಿ. ಗಂಟೆಗೆ 1,200 ವಾಹನ ಓಡಾಡುವ ರಸ್ತೆಯಾದರೆ ಅಷ್ಟರಲ್ಲಿ ಇನ್ನೂರು ವಾಹನ ಅವನ ಬೆನ್ನ ಹಿಂದೆ ದಾಟಿ ಹೋಗಿರುತ್ತವೆ. ಊಟಕ್ಕೂ ಹೋಗದೆ ಎಂಟು ಗಂಟೆ ನಿಂತರೂ ಅವನು ತಡೆದದ್ದು 48 ಗಾಡಿ, ಬಿಟ್ಟದ್ದು ಒಂಬತ್ತು ಸಾವಿರಕ್ಕೂ ಹೆಚ್ಚು. ಹಿಡಿದೇ ದಾರಿಗೆ ತರುತ್ತೇವೆ ಅಂದರೆ ಜಗತ್ತಿನ ಯಾವ ಖಜಾನೆಯೂ ಸಾಲದು. ಪೊಲೀಸರಿಂದ ಆಗುವುದು ಒಂದೇ: ಇವತ್ತು ಸಿಕ್ಕಿಬೀಳಬಹುದು ಎಂಬ ಅಳುಕನ್ನು ಆ ಒಂಬತ್ತು ಸಾವಿರ ಜನರ ತಲೆಯಲ್ಲೂ ಇಡುವುದು.

ಈ ಅಳುಕು ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಎನ್ನುವುದಕ್ಕೆ ಬ್ರಿಟನ್‌ನ ಒಂದು ಹಳೆಯ ಪ್ರಸಂಗವಿದೆ. 1967ರ ಅಕ್ಟೋಬರ್ 9ರಂದು ಅಲ್ಲಿ ಹೊಸ ಕಾನೂನು ಜಾರಿಗೆ ಬಂತು. 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ಗಾಡಿ ಓಡಿಸಿದರೆ ಅಪರಾಧ. ರಸ್ತೆ ಬದಿಯಲ್ಲೇ ಊದಿಸಿ ನೋಡುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಕಾನೂನು ತಂದ ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಇವರಿಗೇನು ಗೊತ್ತು ಅಂತ ಬೈದವರಿಗೆ ಲೆಕ್ಕವಿಲ್ಲ. ಮೊದಲ ವರ್ಷದಲ್ಲೇ ಸಾವುಗಳು ಸಾವಿರಕ್ಕೂ ಹೆಚ್ಚು ಇಳಿದವು. ಆಮೇಲೆ ಆ ಲಾಭ ಮೆಲ್ಲಗೆ ಕರಗಿತು. ಕಾನೂನು ಬದಲಾಗಿರಲಿಲ್ಲ, ಶಿಕ್ಷೆಯೂ ಬದಲಾಗಿರಲಿಲ್ಲ. ಇದನ್ನು ಕೂಲಂಕಷವಾಗಿ ನೋಡಿದ ಅಮೆರಿಕದ ಸಮಾಜಶಾಸ್ತ್ರಜ್ಞ ಲಾರೆನ್ಸ್ ರಾಸ್ ಕೊಟ್ಟ ವಿವರಣೆ ಸರಳವಾಗಿದೆ. ಮೊದಮೊದಲು ಪತ್ರಿಕೆಗಳ ಅಬ್ಬರಕ್ಕೆ ಜನ ಹೆದರಿದರು. ದಿನ ಕಳೆದಂತೆ, ಊದಿಸುವವರು ಎದುರಾಗುವುದೇ ಅಪರೂಪ ಅಂತ ಅವರಿಗೆ ಅನುಭವದಿಂದ ಗೊತ್ತಾಯಿತು. ಭಯ ಹೋಯಿತು, ಬಾಟಲಿ ಬಂತು.

ಇಲ್ಲಿ ನನ್ನದೊಂದು ಮಾತು ಸೇರಿಸುತ್ತೇನೆ. ಸರ್ಕಾರಗಳಿಗೆ ದಂಡದ ಮೊತ್ತ ಏರಿಸುವುದೆಂದರೆ ಬಲು ಪ್ರೀತಿ. ಯಾಕೆಂದರೆ ಅದಕ್ಕೆ ಒಂದು ಆದೇಶ ಸಾಕು, ಖರ್ಚಿಲ್ಲ, ಮರುದಿನ ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಸುದ್ದಿ ಬರುತ್ತದೆ. ಸಿಕ್ಕಿಬೀಳುವ ಸಂಭವ ಏರಿಸುವುದಕ್ಕೆ ಸಂಬಳ ಬೇಕು, ಗಾಡಿ ಬೇಕು, ಉಪಕರಣ ಬೇಕು, ರಾತ್ರಿ ಪಾಳಿಗೆ ಜನ ಬೇಕು. ಅದು ವರ್ಷ ವರ್ಷವೂ ಬರುವ ಖರ್ಚು. ಆದ್ದರಿಂದ ದಂಡ ಹತ್ತು ಪಟ್ಟಾಗುತ್ತದೆ, ತಪಾಸಣೆ ಇದ್ದಲ್ಲೇ ಇರುತ್ತದೆ. ದಂಡ ಅತಿಯಾದಾಗ ಅರ್ಧಕ್ಕೆ ಕೈಬಿಸಿ ಮಾಡಿ ಮುಗಿಸುವ ಆಸೆಯೂ ಎರಡೂ ಕಡೆಯವರಿಗೆ ಹುಟ್ಟುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಖರ್ಚು ಮಾಡಿದವರ ಕಥೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇದೆ. 1970ರಲ್ಲಿ ಸೀಟ್ ಬೆಲ್ಟ್ ಕಡ್ಡಾಯ ಮಾಡಿ ಜಗತ್ತಿಗೆ ದಾರಿ ತೋರಿಸಿದ ರಾಜ್ಯ ಅದು. ಆ ವರ್ಷ ಅಲ್ಲಿ ರಸ್ತೆಯಲ್ಲಿ ಸತ್ತವರು 1,061. ಅಂಕಿ ಆಮೇಲೆ ಇಳಿಯಿತು, ಆದರೆ 1989ರಲ್ಲಿ ಮತ್ತೆ 776ಕ್ಕೆ ಬಂದು ನಿಂತಿತ್ತು. ಅಲ್ಲಿ ಅಪಘಾತದ ಗಾಯಾಳುಗಳಿಗೆ ಚಿಕಿತ್ಸೆ, ಪರಿಹಾರ ಕೊಡಲು 1980ರ ದಶಕದಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆಯೊಂದಿದೆ, ಟ್ರಾನ್ಸ್‌ಪೋರ್ಟ್ ಆ್ಯಕ್ಸಿಡೆಂಟ್ ಕಮಿಷನ್ ಅಂತ. ವಾಹನ ನೋಂದಣಿ ಶುಲ್ಕದ ಜೊತೆಗೇ ಪ್ರತಿಯೊಬ್ಬ ಮಾಲೀಕನೂ ಕಟ್ಟುವ ಕಡ್ಡಾಯ ವಿಮಾ ಹಣದಿಂದ ಅದು ನಡೆಯುತ್ತದೆ. ಬೆನ್ನುಹುರಿ ಮುರಿದ ಇಪ್ಪತ್ತು ವರ್ಷದ ಹುಡುಗನನ್ನು ಬದುಕಿರುವವರೆಗೆ ನೋಡಿಕೊಳ್ಳುವ ಖರ್ಚು ಆ ಸಂಸ್ಥೆಯ ತಲೆ ಮೇಲೆ ಬೀಳುತ್ತದೆ. ಅಂದರೆ, ಅಪಘಾತ ಆಗದಿದ್ದರೆ ನಿಜವಾಗಿ ದುಡ್ಡು ಉಳಿಯುವುದು ಅದಕ್ಕೆ.

ಅವರು ಲೆಕ್ಕ ಹಾಕಿದರು. ಗಾಯವಾದ ಮೇಲೆ ಕೊಡುವುದಕ್ಕಿಂತ ಆಗುವ ಮೊದಲೇ ಪೊಲೀಸರಿಗೆ ಕೊಡುವುದು ಅಗ್ಗ. ಉಸಿರು ಪರೀಕ್ಷೆಗೆಂದೇ ಕಟ್ಟಿದ ದೊಡ್ಡ ಬಸ್ಸುಗಳಿಗೆ ಹಣ ಕೊಟ್ಟರು. ವೇಗ ಹಿಡಿಯುವ ಕ್ಯಾಮೆರಾಗಳು ಬಂದವು. ನೋಡಿದವರು ಬೆಚ್ಚಿಬೀಳುವಂಥ ಜಾಹೀರಾತುಗಳೂ ಬಂದವು. ಆ ಬಸ್ಸು ಎಲ್ಲೋ ಮರೆಯಲ್ಲಿ ನಿಲ್ಲುವಂಥದ್ದಲ್ಲ, ದೂರದಿಂದಲೇ ಕಾಣಬೇಕು, ಅದೇ ಉದ್ದೇಶ. ಬರುವ ವಾಹನಗಳನ್ನು ಸಾಲಾಗಿ ತಿರುಗಿಸಿ, ಅನುಮಾನ ಇರಲಿ ಬಿಡಲಿ, ಡ್ರೈವರ್‌ಗಳನ್ನು ಊದಿಸುವುದು. ಬ್ರಿಟನ್ನಿನ ಪೊಲೀಸರಿಗೆ ಅನುಮಾನವೋ, ನಿಯಮ ಮುರಿದದ್ದೋ, ಅಪಘಾತವೋ ಇದ್ದರೆ ಮಾತ್ರ ಊದಿಸುವ ಅಧಿಕಾರವಿತ್ತು, ಇಲ್ಲಿ ಯಾರನ್ನಾದರೂ ಊದಿಸಬಹುದು. ಏನೂ ತಪ್ಪು ಮಾಡದವನೂ ಊದಿ, ಮುಂದೆ ಹೋಗಿ, ಗೆಳೆಯರಿಗೆ ಹೇಳುತ್ತಾನೆ: "ಇವತ್ತು ನಿಲ್ಲಿಸಿದ್ದರು ಕಣೋ." ಆ ಒಂದು ಮಾತಿಗಾಗಿ ಇಷ್ಟೆಲ್ಲ ಖರ್ಚು.

1992ರಲ್ಲಿ ಸತ್ತವರು 396. ಮೂರೇ ವರ್ಷದಲ್ಲಿ ಹತ್ತಿರಹತ್ತಿರ ಅರ್ಧ. ಆ ವರ್ಷಗಳಲ್ಲಿ ಆರ್ಥಿಕ ಹಿಂಜರಿತವೂ ಇತ್ತು, ಜನ ಗಾಡಿ ತೆಗೆದದ್ದೇ ಕಡಿಮೆ, ಆದ್ದರಿಂದ ಶ್ರೇಯಸ್ಸನ್ನೆಲ್ಲ ಪೊಲೀಸರ ಕೊರಳಿಗೇ ಹಾಕುವುದು ಸರಿಯಲ್ಲ. ಆದರೂ ಪೊಲೀಸರಿಗೆ ಅನುದಾನ ಕೊಡುವುದಕ್ಕೆ ನಾನು ಕಂಡ ಅತ್ಯಂತ ಪ್ರಾಮಾಣಿಕ ಕಾರಣ ಅಲ್ಲಿದೆ. ದುಡ್ಡು ಕೊಟ್ಟವರಿಗೆ ಲಾಭ ಬರುವುದು ಅಪಘಾತ ತಪ್ಪಿದಾಗ ಮಾತ್ರ. ಮೊದಲು ಹೇಳಿದ ಶೇ. 3ರ ನಷ್ಟ ಇದ್ದೇ ಇದೆಯಲ್ಲ, ಅದು ಪ್ರತಿ ದೇಶವೂ ಈಗಾಗಲೇ ತೆರುತ್ತಿರುವ ಹಣ. ಆಸ್ಪತ್ರೆಯ ಬಿಲ್ಲಾಗಿ, ದುಡಿಯುವವನನ್ನು ಕಳೆದುಕೊಂಡ ಮನೆಯ ಸಾಲವಾಗಿ ಅದು ಹೋಗುತ್ತಲೇ ಇರುತ್ತದೆ, ಬಜೆಟ್ ಪುಸ್ತಕದಲ್ಲಿ ಮಾತ್ರ ಕಾಣುವುದಿಲ್ಲ.

ಹಾಗಾದರೆ ದಂಡದ ಹಣವನ್ನೇ ಪೊಲೀಸರಿಗೆ ಕೊಟ್ಟರಾಯಿತಲ್ಲ, ತಪ್ಪು ಮಾಡಿದವನೇ ಕಾವಲಿನ ಖರ್ಚು ಕೊಡಲಿ ಅಂತ ಕೇಳಬಹುದು. ಬ್ರಿಟನ್ ಇದನ್ನು ಮಾಡಿ ನೋಡಿತು. 2000ದಲ್ಲಿ ಎಂಟು ಪ್ರದೇಶಗಳಲ್ಲಿ ಶುರುವಾಗಿ ಆಮೇಲೆ ದೇಶದುದ್ದಕ್ಕೂ ಹಬ್ಬಿದ ಯೋಜನೆ ಅದು. ಕ್ಯಾಮೆರಾದ ಖರ್ಚನ್ನು ಕ್ಯಾಮೆರಾದ ದಂಡದಿಂದಲೇ ತುಂಬಿಕೊಳ್ಳಬಹುದು, ಮಿಕ್ಕಿದ್ದು ಖಜಾನೆಗೆ. ದುರಾಸೆಗೆ ಕಡಿವಾಣವಾಗಿ ಇನ್ನೊಂದು ನಿಯಮ ಇಟ್ಟರು: ಹಿಂದೆ ಜೀವಹಾನಿ, ತೀವ್ರ ಗಾಯಗಳಾಗಿರುವ ಜಾಗದಲ್ಲೇ ಕ್ಯಾಮೆರಾ ಹಾಕಬೇಕು. ಆ ಜಾಗಗಳಲ್ಲಿ ಸತ್ತವರು, ತೀವ್ರ ಗಾಯಗೊಂಡವರು ಒಟ್ಟು ಶೇ. 42ರಷ್ಟು ಕಡಿಮೆಯಾದರು ಎಂದು ನಾಲ್ಕು ವರ್ಷದ ಮೌಲ್ಯಮಾಪನ ಹೇಳಿತು. ಒಂದು ಜಾಗದಲ್ಲಿ ಕೆಟ್ಟ ವರ್ಷದ ನಂತರ ತಾನಾಗಿಯೇ ಒಳ್ಳೆಯ ವರ್ಷ ಬರುವುದುಂಟು, ಅದನ್ನು ಕಳೆದರೆ ಲಾಭ ಇದಕ್ಕಿಂತ ಕಡಿಮೆ. ಆದರೂ ಲಾಭವೇ.

ಅಂಕಿ ಚೆನ್ನಾಗಿದ್ದರೂ ಜನ ನಂಬಲಿಲ್ಲ. ದಂಡ ಹಾಕುವವನೇ ದಂಡದಿಂದ ಬದುಕುತ್ತಾನೆ ಎಂಬ ಗುಮಾನಿ ಹೋಗಲೇ ಇಲ್ಲ. ಸಾಯುವವರು ಸತ್ತ ಮೇಲೆಯೇ ಕ್ಯಾಮೆರಾ, ಕ್ಯಾಮೆರಾದ ಹಣ ಕ್ಯಾಮೆರಾಕ್ಕೇ ಎಂಬ ನಿಯಮಗಳೂ ಒಂಥರಾ ವಿಚಿತ್ರವೇ. ಅದೇ ಹಣದಲ್ಲಿ ತಿರುವು ಸರಿಮಾಡುವ ಹಾಗಿರಲಿಲ್ಲ. 2007ರಲ್ಲಿ ಈ ಏರ್ಪಾಟು ನಿಂತಿತು, ಹಣ ಸಾಮಾನ್ಯ ಅನುದಾನವಾಗಿ ಬರತೊಡಗಿತು. 2010ರಲ್ಲಿ ಹೊಸ ಸರ್ಕಾರ ಅನುದಾನ ಕತ್ತರಿಸಿದಾಗ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಕ್ಯಾಮೆರಾಗಳನ್ನೇ ಆರಿಸಿಬಿಟ್ಟರು. ಎಂಟು ತಿಂಗಳಾದ ಮೇಲೆ, 2011ರ ಏಪ್ರಿಲ್‌ನಲ್ಲಿ, ಮತ್ತೆ ಹೊತ್ತಿಸಿದರು.

ಅಲ್ಲಿಂದಾಚೆ ಬ್ರಿಟನ್ನಿನಲ್ಲಿ ಆದದ್ದು ಇನ್ನೂ ಮುಖ್ಯ. ಪೊಲೀಸ್ ತಪಾಸಣಾ ಸಂಸ್ಥೆ 2020ರಲ್ಲಿ ಕೊಟ್ಟ ವರದಿಯಂತೆ, ಸುಮಾರು ಏಳು ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ರಸ್ತೆ ಪೊಲೀಸ್ ಕೆಲಸದ ವೆಚ್ಚ, ಬೆಲೆಯೇರಿಕೆ ಕಳೆದು ನೋಡಿದರೆ, ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಬ್ರಿಟನ್ನಿನ ರಸ್ತೆಗಳಲ್ಲಿ 2012ರಲ್ಲಿ ಸತ್ತವರು 1,754, 2019ರಲ್ಲಿ 1,752. ಅದಕ್ಕೂ ಹಿಂದಿನ ದಶಕದಲ್ಲಿ ಭರ್ರನೆ ಇಳಿಯುತ್ತಿದ್ದ ಸಂಖ್ಯೆ ಹಾಗೇ ನಿಂತುಬಿಟ್ಟಿತು. ಒಂದರಿಂದಲೇ ಇನ್ನೊಂದು ಆಯಿತು ಅಂತ ನಾನು ಪ್ರಮಾಣ ಮಾಡುವುದಿಲ್ಲ. ಅದೇ ಏಳು ವರ್ಷದಲ್ಲಿ ಕಾರುಗಳು ಹೆಚ್ಚು ಸುರಕ್ಷಿತವಾದವು, ವೈದ್ಯಕೀಯವೂ ಮುಂದುವರಿಯಿತು, ಸಾವು ಮಾತ್ರ ಇಳಿಯಲಿಲ್ಲ ಅನ್ನುವುದನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ದಂಡದ ಮೇಲೆಯೇ ಬದುಕುವ ಊರು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಅಮೆರಿಕದ ಮಿಸೌರಿ ರಾಜ್ಯದ ಫರ್ಗ್ಯುಸನ್ ನೋಡಬೇಕು. ಅಮೆರಿಕದ ಕೇಂದ್ರ ಸರ್ಕಾರದ ನ್ಯಾಯ ಇಲಾಖೆ 2015ರಲ್ಲಿ ಕೊಟ್ಟ ವರದಿ ಓದಿದರೆ ತಲೆ ತಿರುಗುತ್ತದೆ. ನಗರಾಡಳಿತ ದಂಡದಿಂದ ಬರಬೇಕಾದ ಆದಾಯವನ್ನು ಬಜೆಟ್‌ನಲ್ಲೇ ಎಣಿಸಿಕೊಂಡು, ಅಷ್ಟು ತರುವಂತೆ ಪೊಲೀಸ್ ಮುಖ್ಯಸ್ಥರ ಬೆನ್ನು ಹತ್ತಿತ್ತು. ಕಪ್ಪು ಜನರ ಮೇಲೆ ಕೇಸುಗಳ ಹೊರೆ. ದಂಡ ಕಟ್ಟಲಾಗದೆ ಕೋರ್ಟಿಗೆ ತಪ್ಪಿಸಿಕೊಂಡವರ ಮೇಲೆ ವಾರಂಟ್, ಅದರ ಮೇಲೆ ಇನ್ನಷ್ಟು ದಂಡ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದು. ಒಂದು ಊರಿನ ಆದಾಯದಲ್ಲಿ ಸಂಚಾರ ದಂಡದ ಪಾಲು ಇಷ್ಟು ಮೀರಬಾರದು ಎಂಬ ಕಾನೂನು ಆ ರಾಜ್ಯದಲ್ಲಿ 1995ರಿಂದಲೇ ಇತ್ತು ಅನ್ನುವುದೇ ವಿಪರ್ಯಾಸ. 2015ರಲ್ಲಿ ಆ ಮಿತಿಯನ್ನು ಇನ್ನಷ್ಟು ಬಿಗಿ ಮಾಡಿದರು.

ಫ್ರಾನ್ಸ್‌ನ ಪಾಠವೂ ಇದರ ಪಕ್ಕದ್ದೇ. 2002ರಲ್ಲಿ ಅಧ್ಯಕ್ಷ ಜಾಕ್ ಶಿರಾಕ್ ರಸ್ತೆ ಸುರಕ್ಷತೆಯನ್ನು ತಮ್ಮ ಅವಧಿಯ ದೊಡ್ಡ ಕೆಲಸಗಳಲ್ಲಿ ಒಂದೆಂದು ಸಾರಿದರು, 2003ರಲ್ಲಿ ವೇಗ ಹಿಡಿಯುವ ಸ್ವಯಂಚಾಲಿತ ರಾಡಾರ್ ಕ್ಯಾಮೆರಾ ಬಂತು, ಸಾವು ಗಣನೀಯವಾಗಿ ಇಳಿಯಿತು. ಹದಿನೈದು ವರ್ಷದ ನಂತರ, 2018ರಲ್ಲಿ, ಹಳ್ಳಿಗಾಡಿನ ರಸ್ತೆಗಳ ಮಿತಿಯನ್ನು ಗಂಟೆಗೆ 90ರಿಂದ 80 ಕಿಲೋಮೀಟರಿಗೆ ಇಳಿಸಿದರು. ಇಂಧನ ತೆರಿಗೆ ಏರಿಕೆಯ ವಿರುದ್ಧ ಹಳದಿ ಅಂಗಿ ತೊಟ್ಟು ಜನ ಬೀದಿಗಿಳಿದ ಚಳವಳಿ ಎದ್ದಾಗ ಆ ಸಿಟ್ಟೆಲ್ಲ ರಾಡಾರ್‌ಗಳ ಮೇಲೆ ತಿರುಗಿತು. ಸುಮಾರು ಶೇ. 60ರಷ್ಟು ರಾಡಾರ್‌ಗಳನ್ನು ಹಾಳುಗೆಡವಿದ್ದಾರೆಂದು 2019ರ ಜನವರಿಯಲ್ಲಿ ಗೃಹ ಸಚಿವರೇ ಹೇಳಿದರು. ಕ್ಯಾಮೆರಾ ಜೀವ ಉಳಿಸುತ್ತದೆ ಎಂಬ ವಾದ ಎಷ್ಟೇ ಗಟ್ಟಿಯಾಗಿರಲಿ, ಇದು ನನ್ನ ಜೇಬಿಗೆ ಹಾಕಿದ ಕೈ ಎಂದು ಜನಕ್ಕೆ ಅನ್ನಿಸಿದರೆ ಆ ವಾದ ಕಿವಿಗೆ ಬೀಳುವುದಿಲ್ಲ.

ದಂಡದ ಹಣ ಬೇಡ, ಹಾಗಾದರೆ ಕೆಲಸ ನೋಡಿ ಕೊಡೋಣ, ಎಷ್ಟು ಪರೀಕ್ಷೆ ಮಾಡಿದರು ಅಂತ ಎಣಿಸೋಣ ಅನ್ನಿಸುತ್ತದೆ ಅಲ್ಲವೇ? ನನಗೂ ಹಾಗೇ ಅನ್ನಿಸುತ್ತಿತ್ತು. ಐರ್ಲೆಂಡಿನಲ್ಲಿ 2017ರಲ್ಲಿ ಒಂದು ಸಂಗತಿ ಹೊರಬಿತ್ತು. 2011ರ ಕೊನೆಯಿಂದ 2016ರವರೆಗೆ ಸುಮಾರು 20 ಲಕ್ಷ ಉಸಿರು ಪರೀಕ್ಷೆ ಮಾಡಿದ್ದೇವೆ ಎಂದು ಪೊಲೀಸರ ಕಂಪ್ಯೂಟರ್ ಹೇಳುತ್ತಿತ್ತು. ಊದುವ ಉಪಕರಣಗಳ ಒಳಗೂ ಒಂದು ಲೆಕ್ಕ ಇರುತ್ತದೆ, ಪ್ರತಿ ಪರೀಕ್ಷೆಗೂ ಒಂದೊಂದು ಅಂಕಿ ಮುಂದೆ ಹೋಗುತ್ತದೆ. ಆ ಲೆಕ್ಕ ಕೂಡಿಸಿದರೆ ಬಂದದ್ದು 10.6 ಲಕ್ಷ. ಮಿಕ್ಕ 9.37 ಲಕ್ಷ ಉಸಿರು ಯಾರದ್ದೂ ಅಲ್ಲ. ಇನ್ನಷ್ಟು ಹಿಂದಕ್ಕೆ ಹೋಗಿ ನೋಡಿದಾಗ ವ್ಯತ್ಯಾಸ ಇನ್ನೂ ದೊಡ್ಡದಾಯಿತು.

ಮರುವರ್ಷ, 2018ರಲ್ಲಿ, ಅದೇ ವಿಕ್ಟೋರಿಯಾ. ನಾನು ಇಷ್ಟು ಹೊತ್ತು ಹೊಗಳಿದ ವಿಕ್ಟೋರಿಯಾ. ಐದೂವರೆ ವರ್ಷದ 1.77 ಕೋಟಿ ಪರೀಕ್ಷೆಗಳಲ್ಲಿ 2.58 ಲಕ್ಷ ಸುಳ್ಳು ಎಂದು ಪೊಲೀಸ್ ಇಲಾಖೆಯೇ ಒಪ್ಪಿಕೊಂಡಿತು. ಮಾಡಿದ್ದು ಹೇಗೆ ಅಂದರೆ, ಉಪಕರಣದ ನಳಿಗೆಯ ತೂತಿನ ಮೇಲೆ ಬೆರಳಿಡುವುದು, ಇಲ್ಲವೇ ತಾವೇ ಊದುವುದು. ಉಪಕರಣಕ್ಕೆ ಯಾರ ಉಸಿರು ಎಂದು ಗೊತ್ತಾಗುವುದಿಲ್ಲ, ಒಂದು ಅಂಕಿ ಮುಂದೆ ಹೋಗುತ್ತದೆ. ಪಾಳಿ ಮುಗಿಯುವಷ್ಟರಲ್ಲಿ ಇಷ್ಟು ಆಗಬೇಕು ಎಂಬ ಒತ್ತಡ, ಮೇಲಿನವರಿಗೆ ತೋರಿಸಬೇಕಾದ ಸಂಖ್ಯೆ. ಶೇ. 1.5ರಷ್ಟು ಮಾತ್ರ, ದೊಡ್ಡದಲ್ಲ ಅನ್ನಬಹುದು. ಆದರೆ ಅನುದಾನ ಕೊಡುತ್ತಿದ್ದ ಆ ಕಮಿಷನ್ ಕೂಡಲೇ ಹಣ ತಡೆಹಿಡಿಯಿತು. ನನ್ನ ದೃಷ್ಟಿಯಲ್ಲಿ ಸರಿಯಾಗೇ ಮಾಡಿತು. ಬೇರೆ ಯಾವ ವ್ಯವಸ್ಥೆಯಲ್ಲಿ ದುಡ್ಡು ಕೊಡುವವನಿಗೆ ಅಷ್ಟು ಬೇಗ ಸಿಟ್ಟು ಬರುತ್ತದೆ ಹೇಳಿ?

ಹಾಗಾಗಿ ನಾನು ಮುಟ್ಟಿರುವ ನಿಲುವು ಇಷ್ಟು. ಪೊಲೀಸರ ಕೆಲಸವನ್ನು ಪೊಲೀಸರು ಬರೆದ ಸಂಖ್ಯೆಯಿಂದ ಅಳೆಯಬಾರದು, ರಸ್ತೆಯಿಂದ ಅಳೆಯಬೇಕು. ಸ್ವೀಡನ್ ಇದಕ್ಕೆ ಹತ್ತಿರ ಬಂದಿದೆ. 1997ರಲ್ಲಿ ಅಲ್ಲಿನ ಸಂಸತ್ತು ರಸ್ತೆಯಲ್ಲಿ ಯಾರೂ ಸಾಯಬಾರದು, ತೀವ್ರವಾಗಿ ಗಾಯಗೊಳ್ಳಲೂಬಾರದು ಎಂಬ ಶೂನ್ಯ ಗುರಿಯನ್ನು ಒಪ್ಪಿತು. ಆ ವರ್ಷ ಸತ್ತವರು 541, 2020ರಲ್ಲಿ 204. ಅಲ್ಲಿ ಕ್ಯಾಮೆರಾಗಳನ್ನು ಪೊಲೀಸರೂ ರಸ್ತೆ ಇಲಾಖೆಯೂ ಜೊತೆಯಾಗಿ ನಡೆಸುತ್ತಾರೆ, ಮುಂದೆ ಕ್ಯಾಮೆರಾ ಇದೆ ಎಂದು ಮೊದಲೇ ಫಲಕ ಹಾಕುತ್ತಾರೆ, ದಂಡದ ಹಣ ನೇರ ಸರ್ಕಾರದ ಖಜಾನೆಗೆ ಹೋಗುತ್ತದೆ. ಎಷ್ಟು ಕೇಸು ಹಾಕಿದಿರಿ ಎಂಬುದಕ್ಕಿಂತ, ಓಡಾಡುವ ವಾಹನಗಳಲ್ಲಿ ಎಷ್ಟು ಪಾಲು ವೇಗಮಿತಿಯೊಳಗಿದೆ, ಎಷ್ಟು ಜನ ಬೆಲ್ಟ್ ಹಾಕಿದ್ದಾರೆ, ಎಷ್ಟು ಡ್ರೈವರ್‌ಗಳು ಕುಡಿದಿಲ್ಲ ಎಂಬುದನ್ನು ಅಳೆದು ವರ್ಷಕ್ಕೊಮ್ಮೆ ಎಲ್ಲರ ಮುಂದೆ ಇಡುತ್ತಾರೆ. 2020ರ ಹೊತ್ತಿಗೆ ಶೇ. 80ರಷ್ಟು ಸಂಚಾರ ವೇಗಮಿತಿಯೊಳಗೆ ಇರಬೇಕೆಂಬ ಗುರಿ ಇಟ್ಟಿದ್ದರು. ಮುಟ್ಟಲಿಲ್ಲ. ಮುಟ್ಟಲಿಲ್ಲ ಎಂದು ಅವರೇ ಬರೆದು ಪ್ರಕಟಿಸಿದರು.

ಮಾತು ಮುಗಿದ ಮೇಲೆ ಸಭೆಯಿಂದ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಸೇರಿಸಿದ್ದೇನೆ.

"ರಸ್ತೆಯನ್ನೇ ಸರಿ ಮಾಡದೆ ದಂಡ ಹಾಕುವುದು ಯಾವ ನ್ಯಾಯ?" ಎಂದರು ಒಬ್ಬರು. ಪ್ರಶ್ನೆಯಲ್ಲಿ ಅರ್ಧ ನ್ಯಾಯವಿದೆ. ರಸ್ತೆ ಉಬ್ಬಿಗೆ ಸಂಬಳ ಬೇಡ, ಅದು ರಾತ್ರಿ ಎರಡು ಗಂಟೆಗೂ ಕೆಲಸ ಮಾಡುತ್ತದೆ, ಅದಕ್ಕೆ ಲಂಚ ಕೊಡಲೂ ಆಗುವುದಿಲ್ಲ. ಆದರೆ ಒಂದು ದೇಶದ ರಸ್ತೆಗಳನ್ನೆಲ್ಲ ತಿದ್ದಲು ದಶಕಗಳು ಬೇಕು. ತಪಾಸಣೆ ಈ ರಾತ್ರಿಯಿಂದಲೇ ಶುರು ಮಾಡಬಹುದು. ಕುಡಿದವನನ್ನು ಯಾವ ಉಬ್ಬೂ ತಡೆಯುವುದಿಲ್ಲ, ಯಾವ ವೇಗದ ಕ್ಯಾಮೆರಾವೂ ಅವನ ಕೈಯಿಂದ ಕೀ ಕಿತ್ತುಕೊಳ್ಳುವುದಿಲ್ಲ. ಅಲ್ಲಿಗೆ ಮನುಷ್ಯನೇ ಬೇಕು.

"ಎಷ್ಟು ಪೊಲೀಸರಿದ್ದರೆ ಸಾಕು ಹೇಳಿಬಿಡಿ ಸಾರ್" ಎಂದರು ಇನ್ನೊಬ್ಬರು. ತಲೆ ಎಣಿಕೆಯಿಂದ ಶುರು ಮಾಡಬೇಡಿ ಎಂದೆ. ಒಬ್ಬ ಡ್ರೈವರ್‌ಗೆ ವರ್ಷದಲ್ಲಿ ಎಷ್ಟು ಸಲ ತಪಾಸಣೆ ಎದುರಾಗಬೇಕು ಎಂದು ಮೊದಲು ತೀರ್ಮಾನಿಸಿ, ಅಲ್ಲಿಂದ ಜನ, ಗಾಡಿ, ಉಪಕರಣದ ಲೆಕ್ಕ ಕೆಳಗಿಳಿಯಲಿ. ಲೈಸೆನ್ಸ್ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಂದು ಉಸಿರು ಪರೀಕ್ಷೆಯಂತಾದರೂ ಆಗಬೇಕು ಎಂಬುದು ಆಸ್ಟ್ರೇಲಿಯಾದಲ್ಲಿ ಬಳಕೆಯಲ್ಲಿರುವ ಅಳತೆ. ಮೊದಲ ವರ್ಷಕ್ಕೆ ಅದನ್ನೇ ಇಟ್ಟುಕೊಳ್ಳಬಹುದು. ಉಪಕರಣದ ಒಳಗಿನ ಅಂಕಿ ಓದುವುದು, ರಸ್ತೆಯ ಸರಾಸರಿ ವೇಗ ಅಳೆಯುವುದು, ಈ ಎರಡು ಕೆಲಸಕ್ಕೆ ಪೊಲೀಸ್ ಇಲಾಖೆಗೆ ಸೇರದ ಬೇರೆ ಜನರನ್ನು ಹಾಕಿ, ಅವರ ಸಂಬಳವನ್ನೂ ಅದೇ ಬಜೆಟ್‌ನಲ್ಲಿ ಮೊದಲೇ ಬರೆದಿಡಿ.